ಗಿರಿಜಮ್ಮ ಹೇಳಿಕೊಟ್ಟ ಅರ್ಧ

ಫರೀದಾಬಾದಿನ ಗಿರಿಜಮ್ಮನನ್ನು ಕೇಳಿ ನೋಡಿ, ತನ್ನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ ಅನ್ನುತ್ತಾಳೆ. ಅರಸೀಕೆರೆಯಲ್ಲಿ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ, ಹದಿನೆಂಟಕ್ಕೆ ಮದುವೆ, ಗಂಡ ಸೋಮಶೇಖರನಿಗೆ ಟ್ರ್ಯಾಕ್ಟರ್ ಬಿಡಿಭಾಗದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ, ಒಬ್ಬಳೇ ಮಗಳು ಇಂಚರಾ. ಅಷ್ಟು ಹೇಳಿ ಚಹಾ ಇಡಲು ಎದ್ದುಬಿಡುತ್ತಾಳೆ. ನಡುವೆ ಎರಡು ವರ್ಷದ ಮಾತನ್ನು ಮಾತ್ರ ಹಾರಿಸುತ್ತಾಳೆ.

ಎರಡು ಸಾವಿರದ ಐದರಲ್ಲಿ ಇಂಚರಾ ಹನ್ನೊಂದನೇ ತರಗತಿಗೆ ಬಂದಳು. ಇಂಗ್ಲಿಷ್ ಭಾಷೆ, ಸಾಹಿತ್ಯ ಎರಡನ್ನೂ ಒಟ್ಟಿಗೆ ಕಲಿಸುವ ವಿಷಯ ಆರಿಸಿಕೊಂಡಳು. ಮಗಳ ಪುಸ್ತಕಕ್ಕೆ ಬೈಂಡು ಹಾಕುತ್ತ ಹಾಕುತ್ತ ಗಿರಿಜಮ್ಮನಿಗೂ ಆಸೆ ಹುಟ್ಟಿತು. ಸದ್ದಿಲ್ಲದೆ ಹೋಗಿ, ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಓಪನ್ ಸ್ಕೂಲಿನಲ್ಲಿ ಹನ್ನೆರಡನೇ ತರಗತಿಗೆ ಹೆಸರು ಕೊಟ್ಟು ಬಂದಳು.

ಸದ್ದಿಲ್ಲದೆ ಯಾಕೆ ಅಂದರೆ, ಹಿಂದೊಮ್ಮೆ ಹಿಂದಿ ಪರೀಕ್ಷೆಗೆ ಕಟ್ಟಿ, ಜ್ವರ ಬಂದು ಬಿಟ್ಟಿದ್ದಳು. ಸೋಮಶೇಖರ ಅದನ್ನು ಹತ್ತು ವರ್ಷ ಬಂದವರಿಗೆಲ್ಲ ಹೇಳಿ ನಗಿಸಿದ್ದ.

"ಪಾಸಾಗೋ ತನಕ ನಿಮ್ಮಪ್ಪನ ಕಿವಿಗೆ ಬೀಳಬಾರದು," ಅಂದಳು ಮಗಳಿಗೆ.

"ಪಕ್ಕಾ ಅಮ್ಮ. ಕಿಸೀ ಕೋ ನಹೀಂ. ಯಾರಿಗೂ ಹೇಳಲ್ಲ."

ಮೂರು ಗಂಟೆಗೆ ಮಗಳು ಶಾಲೆಯಿಂದ ಬಂದರೆ, ಆರಕ್ಕೆ ಕಾರ್ಖಾನೆ ಬಸ್ಸು ಗಲ್ಲಿಯ ತುದಿಯಲ್ಲಿ ನಿಲ್ಲುವವರೆಗೆ ಕೂಲರ್ ಪಕ್ಕದ ಮೇಜಿನಲ್ಲಿ ಇಬ್ಬರ ಓದು. ಪದದ ಅರ್ಥ, ವಾಕ್ಯ, ಪತ್ರ ಬರೆಯುವ ರೀತಿ, ಇದೆಲ್ಲ ಮಗಳ ಪಾಲು. ಗಿರಿಜಮ್ಮ ಸೊಪ್ಪು ಬಿಡಿಸುತ್ತ, ಕುಕ್ಕರ್ ಮುಂದೆ ನಿಂತು ಅದನ್ನು ಗಟ್ಟಿ ಮಾಡುತ್ತಿದ್ದಳು. ಕಥೆಯ ಒಳಗಿನದು ಮಾತ್ರ ಅಮ್ಮನ ಪಾಲು.

ಒಂದು ಪಾಠದಲ್ಲಿ ಒಬ್ಬ ಹೆಂಗಸು ಅತಿಥಿಗೆ ಬಡಿಸಿ, ತಾನು ಊಟ ಮಾಡಿಯಾಯಿತು ಅನ್ನುತ್ತಾಳೆ. ಮಾಡಿರುವುದಿಲ್ಲ. ಇಂಚರಾ ಪೆನ್ನು ಕಚ್ಚುತ್ತ ಕೂತಳು.

"ಯಾಕೆ ಸುಳ್ಳು ಹೇಳಿದ್ಲು ಅಮ್ಮ? ಅವಳು ಡಿಸಾನೆಸ್ಟ್ ಅಂತ ಬರೀಲಾ?"

"ಅನ್ನ ಅಷ್ಟೇ ಇತ್ತು ಕಣೇ," ಅಂದಳು ಗಿರಿಜಮ್ಮ. "ಬಂದವರು ಒಂದು ತುತ್ತು ಕಮ್ಮಿ ತಿನ್ನಬಾರದು ಅಂತ."

ಮಗಳು ಅದನ್ನೇ ಬರೆದಳು. ಟೀಚರು ಅಂಚಿನಲ್ಲಿ ಕೆಂಪು ಮಸಿಯಲ್ಲಿ 'ಎಕ್ಸಲೆಂಟ್' ಅಂದಿದ್ದರು. ಆ ಹಾಳೆಯನ್ನು ಗಿರಿಜಮ್ಮ ಎಷ್ಟು ಸಲ ತೆಗೆದು ನೋಡಿದಳೋ.

ಎರಡನೇ ವರ್ಷದ ಫೆಬ್ರವರಿ. ಗಿರಿಜಮ್ಮನ ಪರೀಕ್ಷೆಗೆ ಎರಡು ತಿಂಗಳು. ಸೋಮಶೇಖರ ಬೂಟು ಕಳಚುವ ಮೊದಲೇ ನಗುತ್ತ ಒಳಗೆ ಬಂದ.

"ಏನ್ ಮೇಡಂ, ಕುಕ್ಕರ್‌ಗೆ ಇಂಗ್ಲಿಷ್ ಬಂತಾ?"

ಅವನ ಕೈಯಲ್ಲಿ ಶಾಲೆಯ ಮ್ಯಾಗಜೀನ್ ಇತ್ತು. ಜೊತೆಗೆ ಕೆಲಸ ಮಾಡುವ ಚಂದ್ರಮೋಹನ ಕೊಟ್ಟದ್ದು. ಅವನ ಮಗನೂ ಅದೇ ಶಾಲೆ. ಈ ವರ್ಷ ಮ್ಯಾಗಜೀನ್ ಅಚ್ಚೇ ಆಗಿಲ್ಲ ಅಂದಿದ್ದಳು ಇಂಚರಾ. ಈಗ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದಳು.

"ಕೊಡಿ ಇಲ್ಲಿ," ಅಂದಳು ಗಿರಿಜಮ್ಮ.

"ಓದಕ್ಕೆ ಬರುತ್ತಾ ನಿಂಗೆ?"

ಗಿರಿಜಮ್ಮ ಅದನ್ನು ತೆಗೆದುಕೊಂಡು ನಿಂತಲ್ಲೇ ಓದಿದಳು. ಇಂಚರಾಳ ಪ್ರಬಂಧ, 'ನಾನು ಅಮ್ಮನಿಗೆ ಇಂಗ್ಲಿಷ್ ಕಲಿಸಿದ್ದು', ಮೊದಲ ಬಹುಮಾನ. ಕುಕ್ಕರ್ ಇತ್ತು, ಸೊಪ್ಪು ಇತ್ತು, ಕೈಬಿಟ್ಟ ಹಿಂದಿ ಪರೀಕ್ಷೆಯೂ ಇತ್ತು. ಚೆನ್ನಾಗಿಯೇ ಬರೆದಿದ್ದಳು, ಒಂದು ಕಡೆ ಗಿರಿಜಮ್ಮನಿಗೇ ನಗು ಬಂತು. ಎರಡನೇ ಪುಟದಲ್ಲಿ ಆ ಊಟದ ಕಥೆ ಬಂತು. ಪ್ರಬಂಧದ ಅಮ್ಮ ಕಣ್ಣು ಪಿಳಿಪಿಳಿ ಬಿಡುತ್ತ, ಆ ಹೆಂಗಸು ಯಾಕೆ ಸುಳ್ಳು ಹೇಳಿದಳು ಎಂದು ಕೇಳುತ್ತಿದ್ದಳು. ಅನ್ನ ಅಷ್ಟೇ ಇತ್ತಮ್ಮ, ಎಂದು ಮಗಳು ಬಿಡಿಸಿ ಹೇಳುತ್ತಿದ್ದಳು.

ಗಿರಿಜಮ್ಮ ಆ ಸಾಲನ್ನು ಇನ್ನೊಮ್ಮೆ ಓದಿದಳು. ತಪ್ಪಾಗಿ ಓದಿರಲಿಲ್ಲ.

"ಇದನ್ನ ಹೇಳಿದ್ದು ಯಾರೇ?"

"ಅಮ್ಮ, ಮ್ಯಾಮ್ ಫನ್ನಿ ಇರ್ಬೇಕು ಅಂದ್ರು. ಉಲ್ಟಾ ಮಾಡಿದ್ರೆ ಜ್ಯಾದಾ ಚೆನ್ನಾಗಿ ಬಂತು, ಅದಕ್ಕೆ..."

"ಹೋಗ್ಲಿ ಬಿಡೇ," ಅಂದ ಸೋಮಶೇಖರ. "ಮಗು ಪ್ರೈಜ್ ತಗೊಂಡಿದೆ. ನಾನು ಓದಬೇಡ ಅಂದೆನಾ?"

"ನೀವು ನಗ್ರಿ, ನಿಮ್ಮ ನಗು ನನಗೇನು ಹೊಸದಲ್ಲ." ಗಿರಿಜಮ್ಮ ಮಗಳ ಕಡೆಗೇ ನೋಡುತ್ತಿದ್ದಳು. "ಅಪ್ಪಂಗೆ ಗೊತ್ತಾಯ್ತು ಅಂತಲೂ ಅಲ್ಲ ಕಣೇ. ನನ್ನ ಹತ್ರ ಇದ್ದದ್ದು ಅದೊಂದು. ಅದನ್ನೂ ಇಸ್ಕೊಂಡು, ನನಗೇ ದಾನ ಕೊಟ್ಟೆ ಅಂತ ಬರೆದೆಯಲ್ಲ."

ಇಂಚರಾ ಅತ್ತಳು. ಗಿರಿಜಮ್ಮ ಸಮಾಧಾನ ಮಾಡಲಿಲ್ಲ. ಹಿಟ್ಟು ನಾದಲು ಒಳಗೆ ಹೋದಳು.

ಮರುದಿನ ಮೂರಕ್ಕೆ ಇಂಚರಾ ಮೇಜಿನ ಮೇಲೆ ಇಬ್ಬರ ಪುಸ್ತಕವನ್ನೂ ಜೋಡಿಸಿಟ್ಟು ಕಾದಳು. ಗಿರಿಜಮ್ಮ ತನ್ನದನ್ನು ಎತ್ತಿಕೊಂಡು ಬಾಲ್ಕನಿಗೆ ಹೋದಳು. ಮಗಳಿಗೆ ಹಾಲು, ಮೊಸರು, ಹೊತ್ತಿಗೆ ಸರಿಯಾಗಿ ಊಟ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಕಥೆ ಮಾತ್ರ ಬಿಡಿಸಿ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಶೇರ್ ಆಟೋ ಹತ್ತಿ ಒಬ್ಬಳೇ ಹೋಗಿ ಪರೀಕ್ಷೆ ಬರೆದಳು.

ಜೂನ್‌ನಲ್ಲಿ ಅಂಕಪಟ್ಟಿ ಬಂತು. ಇಂಗ್ಲಿಷಿನಲ್ಲಿ ಎಪ್ಪತ್ತೊಂದು. ಆ ಹೊತ್ತಿಗೆ ತರಕಾರಿ ಗಾಡಿ ಬಂದಿದ್ದರಿಂದ ಗಾಡಿಯ ಭಯ್ಯಾನಿಗೆ ತೋರಿಸಿದಳು. ಅವನು ಎರಡು ಕೈಯಲ್ಲಿ ಹಿಡಿದು ನೋಡಿ, ತಿರುಗಿ ಕೊಟ್ಟ. ಅಂಕಪಟ್ಟಿ ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗೆ ಹೋಯಿತು.

ವಾರ ಕಳೆದು ಇಂಚರಾ ಅಡುಗೆಮನೆ ಬಾಗಿಲಲ್ಲಿ ನಿಂತಳು. "ಅಮ್ಮ, ನಿನ್ನ ರಿಸಲ್ಟ್ ಬಂತಾ?"

ಗಿರಿಜಮ್ಮ ಚಪಾತಿ ಮಗುಚಿದಳು.

"ಬಂದಾಗ ಮ್ಯಾಗಜೀನ್‌ನಲ್ಲಿ ಓದ್ಕೋ."