ಅಂಗಡಿ ಗಾಡಿಯ ಸೀಟು ಕವರು

ನನ್ನ ಚಿಕ್ಕಮ್ಮ ಪರದೆ ಹೊಲಿಯುವವಳು. ಅಂಗಡಿ ಅವಳ ಗಂಡನ ಅಣ್ಣನದು. ಅದರ ಹಿಂದಿನ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತೇ ಅವಳ ಅರ್ಧ ಆಯಸ್ಸು ಕಳೆಯಿತು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಬೀದಿಗೆಲ್ಲ ಗೊತ್ತು. ಹಗೆ ಮರೆಯಲೂ ಬರುವುದಿಲ್ಲವೆಂದು ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ.

ಆ ಭಾವನಿಗೆ ಸ್ವಂತದ್ದೊಂದು ಕಾರಿತ್ತು. ಸ್ವಂತ ಕಾರಾದರೂ ಅಂಗಡಿ ಕೆಲಸಕ್ಕೆ ಓಡಿದಷ್ಟರ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ಈ ಮಹಾಶಯ ಪೆಟ್ರೋಲು, ಟೈರು, ರಿಪೇರಿ ಎಲ್ಲವನ್ನೂ ಅಂಗಡಿಯ ತಲೆಗೇ ಕಟ್ಟಿ, ಕಾರು ಮನೆ ಕೆಲಸಕ್ಕೆ ಓಡುವುದೇ ಇಲ್ಲ ಎಂದು ಬರೆದುಕೊಟ್ಟಿದ್ದ.

ಒಂದು ಬೆಳಿಗ್ಗೆ ಚಿಕ್ಕಪ್ಪ ಎದೆ ಹಿಡಿದುಕೊಂಡು ಕುಸಿದರು. ಪಕ್ಕದಲ್ಲೇ ಭಾವನ ಮನೆ, ಗೇಟಿನ ಮುಂದೆಯೇ ಕಾರು. ಚಿಕ್ಕಮ್ಮ ಬರಿಗಾಲಲ್ಲಿ ಓಡಿ ಹೋಗಿ ಬೇಡಿದಳು.

"ಗ್ಯಾಸ್ ಇರ್ಬೇಕು ಕಣಮ್ಮ. ಅದು ಅಂಗಡಿ ಗಾಡಿ, ಮನೆ ಕೆಲಸಕ್ಕೆ ತೆಗೆದ್ರೆ ಲೆಕ್ಕ ಕೆಡುತ್ತೆ. ಟ್ಯಾಕ್ಸಿ ಹಿಡಿ," ಎಂದ ಭಾವ.

ಟ್ಯಾಕ್ಸಿ ಸಿಗುವಷ್ಟರಲ್ಲಿ ಹೊತ್ತು ಮೀರಿತ್ತು. ಚಿಕ್ಕಪ್ಪ ದಾರಿಯಲ್ಲೇ ಹೋಗಿಬಿಟ್ಟರು. ಥೂ, ಇವನೂ ಒಬ್ಬ ಒಡಹುಟ್ಟಿದವನೇ!

ಆ ಅಂಗಡಿಗೆ ಬೆಂಕಿ ಬೀಳಲಿ, ನಮ್ಮ ಮನೆಗೆ ಬಾ ಎಂದು ಅಮ್ಮ ಕರೆದಳು.

"ಬರಲ್ಲ ಅಕ್ಕ. ಅವನ ಜುಟ್ಟು ನನ್ನ ಕೈಗೆ ಸಿಗೋವರೆಗೂ ಅಲ್ಲೇ ಇರ್ತೀನಿ," ಎಂದಳು ಚಿಕ್ಕಮ್ಮ.

ಇದ್ದಳು. ಹಲ್ಲು ಕಚ್ಚಿಕೊಂಡು ಹೊಲಿದಳು. ಹೇಳಿದಾಗ ಆ ದರಿದ್ರ ಕಾರಿನ ಸೀಟಿಗೂ ಕವರು ಹೊಲಿದುಕೊಟ್ಟಳು.

ಕೊನೆಗೊಮ್ಮೆ ತೆರಿಗೆ ಅಧಿಕಾರಿ ಪರಿಶೀಲನೆಗೆ ಬರುವರೆಂದು ತಿಳಿಯಿತು. ಭಾವ ಬೆಣ್ಣೆ ಹಚ್ಚಲು ಬಂದ.

"ನಿನ್ನ ಮಾತನ್ನ ಯಾರೂ ತೆಗೆದುಹಾಕಲ್ಲ ಕಣಮ್ಮ. ಕಾರು ಮನೆಗೆ ಬಳಸಲ್ಲ ಅಂತ ಒಂದು ಮಾತು ಹೇಳಿಬಿಡು."

"ನನಗೆ ಗೊತ್ತಿರೋದನ್ನ ಹೇಳ್ತೀನಿ ಭಾವ."

ಅಧಿಕಾರಿ ಕೇಳಿದಾಗ ಚಿಕ್ಕಮ್ಮ ಬಾಯಿಂದ ಗುಂಡುಸೂಜಿ ತೆಗೆದಿಟ್ಟಳು.

"ನಮ್ಮನೆಗೆ ಕೊಟ್ಟಿಲ್ಲ ಸಾರ್. ನನ್ನ ಗಂಡ ಸಾಯ್ತಿದ್ದಾಗಲೂ ಕೊಡ್ಲಿಲ್ಲ."

ಭಾವ ತಲೆ ತಗ್ಗಿಸಿದ. ಆದರೂ ಮಾತು ತನ್ನ ಪರವಾಗಿಯೇ ಬಂತೆಂದು ಅವನಿಗೆ ಒಳಗೊಳಗೇ ಸಮಾಧಾನ.

"ಬನ್ನಿ ಸಾರ್, ಸೀಟು ನೋಡಿ. ಕವರು ನಾನೇ ಹೊಲಿದಿದ್ದು," ಎಂದು ಚಿಕ್ಕಮ್ಮ ಹೊರಗೆ ನಡೆದು ಕಾರಿನ ಬಾಗಿಲು ತೆಗೆದಳು. "ಈ ಜೇಬು ಭಾವನ ಮೊಮ್ಮಗುವಿನ ಹಾಲಿನ ಬಾಟ್ಲಿಗೆ. ಈ ಉದ್ದಂದು ಮಗಳ ಬ್ಯಾಡ್ಮಿಂಟನ್ ಬ್ಯಾಟಿಗೆ. ಇಲ್ಲಿ ನಾಯಿ ಕೂರುತ್ತೆ. ಭಾನುವಾರ ಕೆರೆಗೆ ಕರ್ಕೊಂಡು ಹೋದ್ರೆ ನೆಂದು ಬರುತ್ತಲ್ಲ, ಅದಕ್ಕೇ ದಪ್ಪ ಬಟ್ಟೆ ಕೇಳಿದ್ರು."

ಜೇಬಿನಲ್ಲಿ ಬಾಟ್ಲಿ ಇತ್ತು. ದಪ್ಪ ಬಟ್ಟೆಯ ಮೇಲೆ ನಾಯಿಯ ಕೂದಲೂ ಇತ್ತು.

"ಮತ್ತೆ ಗಿರಾಕಿಗಳ ಮನೆಗೆ ಪರದೆ ಹೇಗೆ ತಲುಪಿಸ್ತೀರಿ?"

"ಬಸ್ಸಲ್ಲಿ ಸಾರ್. ನಾನೇ ಹೊತ್ಕೊಂಡು ಹೋಗ್ತೀನಿ."

ಹಳೆಯ ವರ್ಷಗಳದ್ದೂ ಸೇರಿಸಿ ತೆರಿಗೆ, ದಂಡ ಎರಡೂ ಬೀಳುತ್ತವೆ ಎಂದು ಹೇಳಿ ಅಧಿಕಾರಿ ಹೊರಟರು. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ?

ಭಾವ ಎದೆಯ ಮೇಲೆ ಕೈ ಇಟ್ಟುಕೊಂಡು ಕುರ್ಚಿಗೆ ಬಿದ್ದ. "ಮನೆಯವಳಾಗಿ ಮನೆ ಮುರಿದೆಯಲ್ಲೇ! ನಾನು ಎದೆ ಒಡೆದು ಸಾಯೋ ಹಾಗೆ ಮಾಡಿದೆಯಲ್ಲೇ!"

ಚಿಕ್ಕಮ್ಮ ತನ್ನ ಕತ್ತರಿ, ಟೇಪು ಚೀಲಕ್ಕೆ ಹಾಕಿಕೊಂಡಳು. ಮತ್ತೆ ಈ ಅಂಗಡಿಯ ಮೆಟ್ಟಿಲು ಹತ್ತುವವಳಲ್ಲ ಅವಳು.

"ಗ್ಯಾಸ್ ಇರ್ಬೇಕು ಭಾವ," ಎಂದಳು. "ಟ್ಯಾಕ್ಸಿ ಹಿಡೀರಿ."