ಗಾಳಿ ಹೇಳುವವನು

ಅಂಗೈ ಅಗಲದ ಗುಂಡಿಗೆ ನಿಂಬೆಹಣ್ಣಿನಷ್ಟು ಚೆಂಡು ಬೀಳಿಸಲು ದೊಡ್ಡ ದೊಡ್ಡ ಮನುಷ್ಯರು ಅರ್ಧ ದಿನ ಅಲೆಯುತ್ತಾರೆ ಎಂದರೆ ನನಗೆ ಮೊದಲಿನಿಂದಲೂ ನಗು. ಸುಂಟಿಕೊಪ್ಪದಿಂದಾಚೆ ಗುಡ್ಡದ ನೆತ್ತಿಯಲ್ಲಿರುವ ಗಾಲ್ಫ್ ಕ್ಲಬ್ಬಿನ ಕ್ಯಾಂಟೀನು ನನ್ನದು. ಚಹಾ, ಆಮ್ಲೆಟ್ ಕೊಟ್ಟು ಆಟಕ್ಕೆ ಬೆನ್ನು ಹಾಕಿ ನಿಲ್ಲುವವಳು ನಾನು. ಆ ಭಾನುವಾರ ಮಾತ್ರ ಒಲೆ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊನೆಯ ಗುಂಡಿಯವರೆಗೂ ಹಿಂದೆ ಹಿಂದೆಯೇ ನಡೆದೆ. ಕಪ್ಪಿನ ಫೈನಲ್ ಆಡುತ್ತಿದ್ದವನು ನನ್ನ ತಮ್ಮ ಧರ್ಮೇಶ.

ಧರ್ಮೇಶ ಕ್ಯಾಡಿ. ಆಡುವವರ ಕೋಲಿನ ಚೀಲ ಹೊತ್ತು ಜೊತೆಗೆ ನಡೆಯುವುದು, ಯಾವ ಹೊಡೆತಕ್ಕೆ ಯಾವ ಕೋಲು ಎಂದು ಹೇಳುವುದು ಅವನ ಕೆಲಸ. ಕುಶಾಲನಗರದ ಹತ್ತಿರವಿದ್ದ ನಮ್ಮ ಹೊಲ ಬಿಟ್ಟು, ಮೀಸೆ ಚಿಗುರುವ ಮುಂಚೆಯೇ ಇಲ್ಲಿಗೆ ಬಂದವನು. ಮೊದಲು ಕಾಫಿ ಗಿಡದ ಸಂದಿಯಲ್ಲಿ ಕಳೆದ ಚೆಂಡು ಹುಡುಕಿಕೊಟ್ಟ, ಆಮೇಲೆ ಚೀಲ ಹೊತ್ತ. ಹೆಚ್ಚು ಹೊತ್ತದ್ದು ಪ್ಲಾಂಟರ್ ಕುಶಾಲಪ್ಪನವರದು. ಸದಸ್ಯರೆಲ್ಲ ಮನೆಗೆ ಹೋದ ಮೇಲೆ, ಯಾರೋ ಬಿಸಾಕಿದ ಕೋಲು ಹಿಡಿದು ತಾನೂ ಹೊಡೆದು ಹೊಡೆದು ಕಲಿತ. ಅವನ ಮದುವೆಯ ಹಿಂದಿನ ದಿನವೂ ಅವನನ್ನು ಮೈದಾನದಿಂದ ಎಳೆದು ತಂದಿದ್ದೇವೆ.

ಈ ವರ್ಷ ಕ್ಲಬ್ಬಿಗೆ ಬ್ಯಾಟರಿ ಗಾಡಿ ಬರುತ್ತದೆ, ಇನ್ನು ಕ್ಯಾಡಿಗಳು ಬೇಡ ಎಂದರು. ಮಕ್ಕಳಿಗೆ ಆಟ ಕಲಿಸಲು ಒಬ್ಬ ಕೋಚ್ ಬೇಕಿತ್ತು. ಧರ್ಮೇಶ ಹೋಗಿ ಕೇಳಿದ. ಬರೀ ಕ್ಯಾಡಿಯ ಕೈಗೆ ಮಕ್ಕಳನ್ನು ಕೊಟ್ಟರೆ ತಂದೆ ತಾಯಿ ಏನೆಂದಾರು, ಈ ಸಲದ ಕಪ್ ಗೆದ್ದು ತೋರಿಸು, ಆಮೇಲೆ ನೋಡೋಣ ಎಂದರಂತೆ ಕಮಿಟಿಯವರು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವನು ಮಾತ್ರ ಖುಷಿಯಿಂದ ಹೆಸರು ಬರೆಸಿ ಬಂದ. ಒಬ್ಬೊಬ್ಬರನ್ನೇ ಸೋಲಿಸಿ ಫೈನಲ್‌ಗೂ ಬಂದ. ಎದುರಿಗೆ ಸಿಕ್ಕವರು ಕುಶಾಲಪ್ಪನವರೇ.

ಮಳೆ ಹಿಡಿಯುವ ಮುಂಚಿನ ವಾರ. ಕಡಲು ಕಾಣದ ನಮ್ಮ ಗುಡ್ಡಕ್ಕೆ ಕಡಲ ಗಾಳಿ ಮಾತ್ರ ಘಟ್ಟ ಹತ್ತಿ ತಪ್ಪದೆ ಬರುತ್ತದೆ. ಸಮುದ್ರದ ಬದಿಯ ಮೈದಾನಗಳಲ್ಲಿ ಆಡಿ ಬಂದವರೂ ಇಲ್ಲಿ ಟೋಪಿ ಹಿಡಿದುಕೊಂಡೇ ನಿಲ್ಲುತ್ತಾರೆ. ಅವತ್ತು ಗುಂಡಿಗೆ ನೆಟ್ಟ ಬಾವುಟದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಂಡಿಗೆ ಹಾಕಿ ಧರ್ಮೇಶ ಒಂದು ಹೋಲ್ ಗೆದ್ದರೆ ಕುಶಾಲಪ್ಪನವರು ಇನ್ನೊಂದು ಗೆಲ್ಲುತ್ತಿದ್ದರು. ಕೊನೆಯ ಹೋಲಿಗೆ ಬರುವಾಗ ಇಬ್ಬರೂ ಸಮ. ಇಲ್ಲಿ ಗೆದ್ದವನಿಗೇ ಕಪ್.

ಕೊನೆಯ ಹೋಲೆಂದರೆ, ಈ ದಿಬ್ಬದ ಮೇಲಿಂದ ಕೆರೆ ದಾಟಿಸಿ ಆಚೆ ದಿಬ್ಬಕ್ಕೆ ಹೊಡೆಯಬೇಕು. ಕಡಿಮೆಯಾದರೆ ಚೆಂಡು ನೀರಿಗೆ. ಧರ್ಮೇಶ ಮೊದಲು ಹೊಡೆದ. ಚೆಂಡು ಗಾಳಿಯಲ್ಲಿ ತಡೆದು ನಿಂತಂತಾಗಿ, ಕೊನೆಗೆ ಆಚೆ ಹುಲ್ಲಿನಲ್ಲಿ ಬಾವುಟದ ಹತ್ತಿರವೇ ಬಿತ್ತು.

ಕುಶಾಲಪ್ಪನವರು ಏಳನೇ ನಂಬರ್ ಕೋಲು ತೆಗೆದರು. ಕೋಲಿನ ನಂಬರ್ ಇಳಿದಷ್ಟೂ ಚೆಂಡು ದೂರ ಹೋಗುತ್ತದಂತೆ. ದಿನವೂ ಚೀಲ ಹೊರುವವನೇ ಎದುರಾಳಿಯಾದದ್ದರಿಂದ ಅವತ್ತು ತಮ್ಮ ಚೀಲ ತಾವೇ ಹೊತ್ತು ಬೆವರಿದ್ದರು. ನಿಂತಲ್ಲಿ ಗಾಳಿ ಹಗುರ, ಮೇಲೆ ಸಿಲ್ವರ್ ಓಕ್ ಮರದ ತುದಿ ಬಾಗುತ್ತಿತ್ತು. ಅವರು ಮರ ನೋಡಿದರು, ನೀರು ನೋಡಿದರು, ಕೋಲು ನೋಡಿದರು. ಹೊಡೆಯಲಿ, ನೀರಿಗೇ ಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ದೇವರು ಕ್ಷಮಿಸಲಿ.

ಆಗ ಧರ್ಮೇಶ ಬಾಯಿ ಬಿಟ್ಟ.

"ಸರ್, ಮ್ಯಾಲೆ ಗಾಳಿ ಎದುರಿಗೈತೆ. ಏಳು ಬ್ಯಾಡ, ಐದು ತಗಳಿ."

ಕುಶಾಲಪ್ಪನವರು ಏಳನ್ನು ಚೀಲಕ್ಕೆ ಹಾಕಿ ಐದನ್ನು ತೆಗೆದರು. ಇಬ್ಬರಿಗೂ ಏನೂ ಅನಿಸಲಿಲ್ಲ. ಇಷ್ಟು ವರ್ಷ ನಡೆದುಕೊಂಡು ಬಂದದ್ದೇ ನಡೆದಿತ್ತು. ಆದರೆ ತೀರ್ಪುಗಾರರಾಗಿದ್ದ ಕ್ಲಬ್ಬಿನ ಕಾರ್ಯದರ್ಶಿ ಅನಿಲ್‌ಕುಮಾರ್ ಕೈ ಎತ್ತಿದರು. ಪಂದ್ಯದಲ್ಲಿ ಎದುರಾಳಿಗೆ ಸಲಹೆ ಕೊಡುವಂತಿಲ್ಲ, ಕೊಟ್ಟವನು ಆ ಹೋಲ್ ಸೋತಂತೆ ಎಂದರು. ಬಾಯಿ ಬಿಟ್ಟು ಸಲಹೆ ಬೇಡಿದವರಿಗೂ ಅದೇ ದಂಡ, ಇಬ್ಬರದೂ ತಪ್ಪಾದರೆ ಹೋಲ್ ಸಮವಾಗಿ ಆಟ ಮುಂದುವರಿಯುತ್ತದೆ ಎಂದೂ ಹೇಳಿ, ಕುಶಾಲಪ್ಪನವರ ಕಡೆ ತಿರುಗಿ, ನೀವಾಗಿ ಸಲಹೆ ಕೇಳಿದಿರಾ ಎಂದರು.

ನಾನು ಅವರ ಮುಖವನ್ನೇ ನೋಡಿದೆ. ಹೂಂ ಅಂದುಬಿಡಲಿ ಎಂದು ಕಾದೆ.

"ಇಲ್ಲ," ಎಂದರು. "ನಾನು ಕೇಳಲಿಲ್ಲ."

ಸುಳ್ಳಲ್ಲ. ಅವರು ಯಾವತ್ತೂ ಕೇಳಿದವರೇ ಅಲ್ಲ, ಕೇಳುವ ಮುಂಚೆಯೇ ಇವನು ಹೇಳಿಬಿಡುತ್ತಿದ್ದ. ಧರ್ಮೇಶ ನಾಲಿಗೆ ಕಚ್ಚಿಕೊಂಡು ನಿಂತ. ಆಮೇಲೆ ಅವರ ಕೈ ಕುಲುಕಿ, ನೆಲದ ಮೇಲಿದ್ದ ಅವರ ಚೀಲವನ್ನು ಹೆಗಲಿಗೇರಿಸಿ ಹೊರಟ. ಅದನ್ನು ನೋಡಿದ ಮೇಲೆ ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಓಡಿ ಹೋಗಿ ಚೀಲ ಕಿತ್ತು ಕೆಳಗಿಟ್ಟೆ. ಕುಶಾಲಪ್ಪನವರು ಬಂದು ತಾವೇ ಎತ್ತಿಕೊಂಡರು.

ಬಹುಮಾನ ಕೊಡುವಾಗ ಚಹಾ ಕೊಡುವವಳು ನಾನೇ. ಕಮಿಟಿಯವರು ಸಾಲಾಗಿ ಕೂತಿದ್ದರು. ಹೊರಗಿನಿಂದ ಕೋಚ್ ಕರೆಸುವ ಮಾತು ಆಗಲೇ ನಡೆದಿತ್ತು. ಧರ್ಮೇಶ ಬಾಗಿಲ ಹತ್ತಿರ ನಿಂತಿದ್ದ. ನಾನು ಟ್ರೇ ಮೇಜಿನ ಮೇಲೆ ಕುಕ್ಕಿದೆ.

"ಹೇಳ್ಕೊಟ್ಟ ಅಂತ ಇವನ್ನ ಸೋಲ್ಸಿದ್ರಿ ಸಾರ್. ಹೇಳ್ಕೊಡೋ ಕೆಲ್ಸುಕ್ಕೂ ಇವ್ನು ಬ್ಯಾಡ ಅಂದ್ರೆ, ಇನ್ಯಾರು ಬೇಕು ನಿಮ್ಗೆ?"

ಕಿಟಕಿಯ ಗಾಜು ಗಾಳಿಗೆ ಗಡಗಡ ಎನ್ನುತ್ತಿತ್ತು. ಕುಶಾಲಪ್ಪನವರು ತಾವು ಗೆದ್ದ ಬಹುಮಾನದ ಕಪ್ಪನ್ನು ಮೇಜಿನ ಮೇಲಿಟ್ಟು ಎದ್ದರು.

"ನಾಳೆಯಿಂದ ನನ್ನ ಮೊಮ್ಮಗಳು ಬರ್ತಾಳೆ ಧರ್ಮೇಶ. ನೀನೇ ಕಲಿಸ್ಬೇಕು. ಕಮಿಟಿ ಹತ್ರ ನಾನು ಮಾತಾಡ್ತೇನೆ."

ಇಷ್ಟಾದ ಮೇಲಾದರೂ ಕೈ ಮುಗಿದು ಸುಮ್ಮನಿರಬಾರದೇ ನನ್ನ ತಮ್ಮ?

"ನಿಮ್ಮ ಕೋಲು ಕೊಟ್ಟು ಕಳ್ಸ್‌ಬ್ಯಾಡಿ ಸರ್," ಎಂದ. "ಮಗೀಗೆ ಭಾರ ಆಯ್ತದೆ. ಚಿಕ್ಕದು ತನ್ನಿ."

ನಾನು ಅನಿಲ್‌ಕುಮಾರರ ಕಡೆ ನೋಡಿದೆ. ಈ ಸಲ ಅವರು ಕೈ ಎತ್ತಲಿಲ್ಲ.