ಗೌರಿಯ ತಲೆನೋವು

ಹಾಲು ಕರೆದು, ಅಂಗಳ ಸಾರಿಸಿ, ಹದಿನಾಲ್ಕು ರೊಟ್ಟಿ ಬಡಿದು, ಅತ್ತೆಗೆ ಕಾಫಿ ಕೊಟ್ಟು, ಓರಗಿತ್ತಿ ಗೌರಿಯನ್ನು ಕರೆದುಕೊಂಡು ಸಾಸ್ವೆಹಳ್ಳಿಯಿಂದ ಹೊನ್ನಾಳಿ ಬಸ್ಸು ಹತ್ತಿದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಅವಳ ತಲೆನೋವಿಗೆ ಕನ್ನಡಕ ಕೊಡಿಸಿದ್ದೆವು, ಹಣೆಗೆ ಬರೆಯನ್ನೂ ಹಾಕಿಸಿದ್ದೆವು. "ಕೆಲಸ ಕಂಡ್ರೆ ಸಿಡಿಯೋ ತಲೆ ಅದು" ಎಂದು ಅತ್ತೆ ಚುಚ್ಚುತ್ತಿದ್ದರು. ದವಡೆ ಹಲ್ಲು ಕೀಳಿಸಿದರೆ ಹೋಗುತ್ತದೆಂದು ಯಾರೋ ಹೇಳಿದ್ದರು.

ಹಲ್ಲಿನ ಡಾಕ್ಟರು ಹಲ್ಲು ಕೀಳಲಿಲ್ಲ. ಅವಳ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಸಿದರು. ದವಡೆ ಲಟಕ್ಕೆಂದಿತು. ಕೆನ್ನೆ ಒತ್ತಿದರು.

"ಅಯ್ಯೋ, ಇದೇ ನೋವು ಕಣ್ರೀ!" ಎಂದಳು ಗೌರಿ.

"ನೋವು ಹುಟ್ಟೋದು ಈ ದವಡೆ ಕೀಲಿನಲ್ಲಮ್ಮ. ನಿದ್ದೇಲಿ ಹಲ್ಲು ಕಡೀತಾರಾ?" ಎಂದು ನನ್ನನ್ನು ಕೇಳಿದರು.

ಕಡಿಯುತ್ತಿದ್ದಳು. ಹೊಟ್ಟೆಯಲ್ಲಿ ಹುಳುವೆಂದುಕೊಂಡು ನಾನು ವಾರವಾರ ಬೇವಿನ ರಸ ಕುಡಿಸುತ್ತಿದ್ದೆ.

"ಯಾವಾಗಿಂದ?"

ಅವಳ ಎಳೆಗೂಸು ತೀರಿಕೊಂಡ ವಾರದಿಂದ. ಆಗ ಮನೆಯಲ್ಲಿ ನಾದಿನಿಯ ಮದುವೆಯ ಚಪ್ಪರ ಎದ್ದಿತ್ತು. ಶುಭಕಾರ್ಯದ ಮನೆಯಲ್ಲಿ ಕಣ್ಣೀರು ಬೇಡವೆಂದು ಅವಳನ್ನು ಸುಮ್ಮನಾಗಿಸಿದವಳು ನಾನೇ.

ಬಸ್ಸಿನಲ್ಲಿ ಕೇಳಿದೆ, "ಮದುವೆ ಮುಗಿದ ಮ್ಯಾಲಾದ್ರೂ ಅಳಬಾರದಿತ್ತೇನೇ?"

"ಅಳು ಅಂತ ಯಾರೂ ಹೇಳ್ಲಿಲ್ಲಲ್ಲಕ್ಕ" ಎಂದಳು.

ಮೆತ್ತಗಿನದೇ ತಿನ್ನಬೇಕೆಂದು ಡಾಕ್ಟರು ಹೇಳಿದ್ದರಿಂದ ರಾತ್ರಿ ಹಾಲು-ಅನ್ನ ಕಿವುಚಿ ಕೊಟ್ಟೆ. ಎರಡು ತುತ್ತು ಉಂಡು, ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದವಳು ಅವಳೇ. ಸ್ವಲ್ಪ ಹೊತ್ತಿಗೆ ಹಲ್ಲು ಕಡಿಯುವ ಸದ್ದು ಮತ್ತೆ ಕೇಳಿತು. ಅವಳ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೂತೆ.